ಸಿನಿಮಾಕ್ಕೆ ಬೀದರ್, ದವಾಖಾನೆಗೆ ಹೈದರಾಬಾದ್: ಯಾಕೆ ಹಿಂಗ?



2022ರಲ್ಲಿ ‘ಕಾಂತಾರ’ ಬಂದಾಗ ನಾವೇನು ಮಾಡಿದ್ವಿ, ನೆನಪದ ಅಲ್ಲ? ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು. ತೆಲುಗು ಡಬ್ಬಿಂಗ್ ಬಂದದ್ದು ಅಕ್ಟೋಬರ್ 15ಕ್ಕೆ. ಆ ಹದಿನೈದು ದಿನ ಕಾಯಲಿಕ್ಕೆ ನಮಗೆ ಆಗಲಿಲ್ಲ. ಭಾನುವಾರ ನಾಲ್ಕು ಬೈಕು, ಎಂಟು ಮಂದಿ, ಜಹೀರಾಬಾದಿನಿಂದ ಸೀದಾ ಬೀದರಿಗೆ. ಸುಮಾರು 30 ಕಿಲೋಮೀಟರ್ ದಾರಿ. ಗಡಿ ಎಲ್ಲಿ ಬಂತು, ಎಲ್ಲಿ ಹೋಯ್ತು, ಯಾರಿಗೂ ಗೊತ್ತಾಗಲಿಲ್ಲ. ಟಿಕೆಟ್ ಕೊಡುವವನು ‘ನಿಮ್ಮ ಆಧಾರ್ ಯಾವ ರಾಜ್ಯದ್ದು’ ಅಂತ ಕೇಳಲಿಲ್ಲ. ಫೋನ್‌ಪೇ ಮಾಡಿದ್ವಿ, ಒಳಗೆ ಹೋದ್ವಿ, ಸೀಟಿ ಹೊಡೆದ್ವಿ, ರಾತ್ರಿ ಊಟ ಮುಗಿಸಿ ವಾಪಸ್ ಬಂದ್ವಿ.

ಅದರ ಮರುವರ್ಷ ಮಳೆಗಾಲದಲ್ಲಿ ನಮ್ಮಪ್ಪನ ಅಕ್ಕನಿಗೆ ಎದೆ ನೋವು ಬಂತು. ವಯಸ್ಸು 64. ಊರು ನ್ಯಾಲಕಲ್ ಕಡೆಯ ಒಂದು ಹಳ್ಳಿ. ಹೊಲದಿಂದ ಬಂದವರು ಕಟ್ಟೆ ಮೇಲೆ ಕೂತು ‘ಎದಿ ಉರಿಲಾಕತ್ತದ, ಎಡಗಡಿ ತೋಳು ಸೆಳಿಲಾಕತ್ತದ’ ಅಂದರು. ಬೀದರ್ ಅಲ್ಲಿಂದ ಇನ್ನೂ ಹತ್ತಿರ. ಆದರೆ ನಾವು ಗಾಡಿ ತಿರುಗಿಸಿದ್ದು ಹೈದರಾಬಾದ್ ಕಡೆ. ನೂರು ಕಿಲೋಮೀಟರಿಗೂ ಹೆಚ್ಚು ದಾರಿ.

ಯಾಕೆ? ಆರೋಗ್ಯಶ್ರೀ ಕಾರ್ಡ್ ತೆಲಂಗಾಣದ್ದು, ಬೀದರಿನಲ್ಲಿ ನಡೆಯೋದಿಲ್ಲ ಅಂತ ಮನೆಯಲ್ಲಿ ಯಾರೋ ಅಂದರು. ಉಳಿದವರು ತಲೆ ಆಡಿಸಿದರು. ದಿನಾ ಬ್ಯಾಂಕಿನ ಕೌಂಟರಿನಲ್ಲಿ ಕೂತು ಹತ್ತು ಮಂದಿಗೆ ಫಾರಂ ತುಂಬಿಸುವ ನಾವೂ ಒಂದು ಮಾತು ಕೇಳದೆ ತಲೆ ಆಡಿಸಿದ್ವಿ.

ದೊಡ್ಡ ದವಾಖಾನೆಗೆ ಮುಟ್ಟುವ ಹೊತ್ತಿಗೆ ರಾತ್ರಿ. ಸಾಲಿನಲ್ಲಿ ನಲವತ್ತು ಮಂದಿ. ನರ್ಸ್ ತೆಲುಗಿನಲ್ಲಿ ಕೇಳಿದರು. ಅತ್ತೆಗೆ ಸಂತೆಯ ತೆಲುಗು ಬರ್ತದ. ಬೆಲೆ ಕೇಳ್ತಾರ, ಚೌಕಾಶಿ ಮಾಡ್ತಾರ, ಬಸ್ಸಿನಾಗ ಜಗಳಾನೂ ಮಾಡ್ತಾರ. ಆದರೆ ನೋವು ಬಂದಾಗ ಬಾಯಿಂದ ಬಂದದ್ದು ಬರೀ ಕನ್ನಡ. ‘ಉರಿ’ ಅಂದರು. ತೆಲುಗಿನಲ್ಲಿ ಉರಿ ಅಂದ್ರೆ ನೇಣು. ‘ತೋಳು’ ಅಂದರು. ತೆಲುಗಿನವರ ಕಿವಿಗೆ ಅದು ‘ತೋಲು’ ಅಂತ ಬಿದ್ದರೆ ಚರ್ಮ ಅಂತ ಅರ್ಥ. ನಾವು ಆ ಹೊತ್ತಿಗೆ ಬಿಲ್ಲಿಂಗ್ ಕೌಂಟರಿನಲ್ಲಿದ್ವಿ. ಪಕ್ಕದಲ್ಲಿ ಯಾರೂ ಇಲ್ಲದಾಗ ಅತ್ತೆ ಎಲ್ಲ ಪ್ರಶ್ನೆಗೂ ‘ಹಾಂ, ಹಾಂ’ ಅಂದುಬಿಟ್ಟರು. ಚೀಟಿಯಲ್ಲಿ ಗ್ಯಾಸ್ ಅಂತ ಬರೆದಿತ್ತು. ಇಸಿಜಿ ಆದದ್ದು ಬೆಳಗಿನ ಜಾವ.

ಅತ್ತೆ ಉಳಿದರು. ಈಗಲೂ ಹೊಲಕ್ಕೆ ಹೋಗ್ತಾರೆ, ಬೇಡ ಅಂದರೂ ಕೇಳೋದಿಲ್ಲ. ಆ ನರ್ಸಿನ ಮೇಲೆ ನಮಗೆ ಸಿಟ್ಟಿಲ್ಲ. ಒಬ್ಬರೇ ನಲವತ್ತು ಮಂದಿಯನ್ನು ನೋಡುತ್ತಿದ್ದರು. ಸಿಟ್ಟು ಇರೋದು ನಮ್ಮ ಮೇಲೆ. ಸಿನಿಮಾಕ್ಕೆ 30 ಕಿಲೋಮೀಟರ್ ದಾರಿ ಗೊತ್ತಿದ್ದವರಿಗೆ, ಜೀವ ಉಳಿಸೋ ಹೊತ್ತಿನಲ್ಲಿ ಅದೇ ದಾರಿ ನೆನಪಾಗಲಿಲ್ಲ.

ಈ ಬರಹದಲ್ಲಿ ನಾವು ಹೇಳಬೇಕೆಂದಿರೋದು ಇಷ್ಟೇ. ಗಡಿ ತಾಲ್ಲೂಕಿನ ಕನ್ನಡಿಗರು ಎರಡೂ ಸರ್ಕಾರಗಳ ಮುಂದೆ ಇಡಬೇಕಾದ ಮೊದಲ ಬೇಡಿಕೆ ಬೋರ್ಡಿನದ್ದಲ್ಲ, ಸಿನಿಮಾದ್ದೂ ಅಲ್ಲ. ಹತ್ತಿರದ ದವಾಖಾನೆಯಲ್ಲಿ, ನಮ್ಮ ಕಾರ್ಡಿನ ಮೇಲೆ, ನಮಗೆ ತಿಳಿಯುವ ಮಾತಿನಲ್ಲಿ ಚಿಕಿತ್ಸೆ. ಉಳಿದದ್ದೆಲ್ಲ ಆಮೇಲೆ.

ಈ ಗೆರೆ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ನಮ್ಮ ಬಗ್ಗೆ ಇರೋದು ಒಂದೆರಡು ಸಾಲು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ. ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ಮತ್ತು ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು ಆಂಧ್ರಕ್ಕೆ. ‘ನಿರ್ಣಾ ಬಿಟ್ಟು’ ಅನ್ನೋ ಆ ಎರಡು ಮಾತು ನೋಡ್ರಿ. ನಿರ್ಣಾದವರು ಇವತ್ತು ಬೀದರ್ ಜಿಲ್ಲೆಯವರು, ಕರ್ನಾಟಕದ ಕಾರ್ಡಿನವರು. ಅದೇ ಮಣ್ಣು, ಅದೇ ಮಾತು, ಹೆಣ್ಣು ಕೊಟ್ಟು ತಂದುಕೊಳ್ಳುವ ಮನೆಗಳು. ನಾವು ತೆಲಂಗಾಣದ ಕಾರ್ಡಿನವರು. 2014ರಲ್ಲಿ ತೆಲಂಗಾಣ ಆಯ್ತು, 2016ರಲ್ಲಿ ಮೆದಕ್ ಹೋಗಿ ಸಂಗಾರೆಡ್ಡಿ ಜಿಲ್ಲೆ ಬಂತು, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಹೋಯ್ತು. ಲೆಟರ್‌ಹೆಡ್ ಮೂರು ಸಲ ಬದಲಾಯ್ತು, ದವಾಖಾನೆಯ ದಾರಿ ಮಾತ್ರ ಬದಲಾಗಲಿಲ್ಲ.

ಗೆರೆ ಅಳಿಸಬೇಕು ಅಂತ ನಾವು ಹೇಳುತ್ತಿಲ್ಲ. ಎಪ್ಪತ್ತು ವರ್ಷದ ಹಿಂದಿನ ಲೆಕ್ಕ ತೆಗೆದು ಯಾರ ಮನೆ ಒಲೆಯೂ ಉರಿಯೋದಿಲ್ಲ. ನಾವು ತೆಲಂಗಾಣದ ಪ್ರಜೆಗಳು, ಇಲ್ಲಿಯ ಓಟು, ಇಲ್ಲಿಯ ಸಂಬಳ. ನಮ್ಮ ಪ್ರಶ್ನೆ ಸಣ್ಣದು. ಗೆರೆ ಇರಲಿ, ಅದು ಆಂಬುಲೆನ್ಸಿಗೆ ಅಡ್ಡ ಬರೋದು ಯಾಕೆ?

ಈಗ ಕಾರ್ಡಿನ ವಿಷಯ. ಇದನ್ನು ಎಲ್ಲರೂ ಗಮನ ಕೊಟ್ಟು ಓದಬೇಕು, ಯಾಕಂದ್ರೆ ನಾವು ಎಡವಿದ್ದೇ ಇಲ್ಲಿ.

ಆರೋಗ್ಯಶ್ರೀ ಶುರುವಾದದ್ದು 2007ರಲ್ಲಿ, ಇನ್ನೂ ಆಂಧ್ರ ಒಂದೇ ಇದ್ದಾಗ. ತೆಲಂಗಾಣ ಸರ್ಕಾರ 2023ರ ಡಿಸೆಂಬರ್ 9ಕ್ಕೆ ಅದರ ಮಿತಿಯನ್ನು ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದಿಂದ 10 ಲಕ್ಷಕ್ಕೆ ಏರಿಸಿತು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ದೊಡ್ಡ ಚಿಕಿತ್ಸೆ ಕೊಡುವ ನೆಟ್‌ವರ್ಕ್ ದವಾಖಾನೆಗಳು ಹೆಚ್ಚಾಗಿ ಹೈದರಾಬಾದಿನಲ್ಲಿವೆ. 2025ರ ಸೆಪ್ಟೆಂಬರಿನಲ್ಲಿ ಬಾಕಿ ಹಣ ಬಂದಿಲ್ಲ ಅಂತ ಖಾಸಗಿ ದವಾಖಾನೆಗಳು ಕೆಲವು ದಿನ ಆರೋಗ್ಯಶ್ರೀ ಸೇವೆ ನಿಲ್ಲಿಸಿಯೂ ಬಿಟ್ಟವು. ಮಿತಿ 10 ಲಕ್ಷ ಇದ್ದರೂ ಬಾಗಿಲು ಮುಚ್ಚಿದ್ದರೆ ಆ ದಿನದ ರೋಗಿಗೆ ಅದು ಸೊನ್ನೆ.

ಎರಡನೆಯದು ಆಯುಷ್ಮಾನ್ ಭಾರತ್. 2018ರ ಸೆಪ್ಟೆಂಬರಿನಲ್ಲಿ ಶುರು. ತೆಲಂಗಾಣ ಸೇರಿದ್ದು 2021ರಲ್ಲಿ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ. ಇದರ ದೊಡ್ಡ ಗುಣ ಅಂದ್ರೆ ಯೋಜನೆಗೆ ಸೇರಿದ ಬೇರೆ ರಾಜ್ಯದ ದವಾಖಾನೆಯಲ್ಲೂ ನಡೆಯುತ್ತದೆ. ಆದರೆ ಒಂದು ಕೊಂಡಿ ಅದ. ನಿಮ್ಮ ಮನೆಯ ಹೆಸರು ಕೇಂದ್ರದ ಪಟ್ಟಿಯಲ್ಲಿ ಇರಬೇಕು. ರಾಜ್ಯ ತನ್ನ ದುಡ್ಡಿನಲ್ಲಿ ಸೇರಿಸಿಕೊಂಡ ಮನೆಗಳು ಇನ್ನೂ ಬಹಳ ಇವೆ. ಅವರ ಕೈಯಲ್ಲೂ ಕಾರ್ಡ್ ಇರ್ತದ, ಆದರೆ ಅದನ್ನು ನಂಬಿ ಗಡಿ ದಾಟಲಿಕ್ಕೆ ಬರೋದಿಲ್ಲ. ಎರಡು ಮನೆ, ಒಂದೇ ಗಲ್ಲಿ, ಒಬ್ಬರದು ಬೀದರಿನಲ್ಲಿ ನಡೆಯುತ್ತದೆ, ಇನ್ನೊಬ್ಬರದು ಇಲ್ಲ. ಯಾವುದು ಯಾವುದು ಅಂತ ಎದೆ ನೋವು ಬಂದ ರಾತ್ರಿ ಕೂತು ಹುಡುಕಲಿಕ್ಕೆ ಆಗ್ತದೇನು?

ನಮ್ಮ ಅತ್ತೆಯ ಹೆಸರನ್ನು ಆಮೇಲೆ ತೆಗೆದು ನೋಡಿದ್ವಿ. ಕೇಂದ್ರದ ಪಟ್ಟಿಯಲ್ಲಿ ಇತ್ತು. ಬೀದರಿನಲ್ಲಿ ಒಂದು ಮಾತು ಕೇಳಬಹುದಿತ್ತು.

ಮೂರನೆಯದು 70 ದಾಟಿದವರ ಕಾರ್ಡ್. 2024ರ ಅಕ್ಟೋಬರ್ 29ರಿಂದ 70 ವರ್ಷ ತುಂಬಿದವರಿಗೆ ಆದಾಯ ನೋಡದೆ ಆಯುಷ್ಮಾನ್ ವಯವಂದನ ಕಾರ್ಡ್ ಕೊಡುತ್ತಾರೆ. ಶ್ರೀಮಂತ, ಬಡವ ಅಂತಿಲ್ಲ. ಆಧಾರಿನಲ್ಲಿ ವಯಸ್ಸು ಸರಿ ಇದ್ದರೆ ಸಾಕು. ಆದರೆ ನಮ್ಮ ಕಡೆ ಅಜ್ಜಿಯರ ಆಧಾರಿನಲ್ಲಿ ಹುಟ್ಟಿದ ವರ್ಷ ಎಷ್ಟು ಸರಿ ಅನ್ನೋದು ನಿಮಗೂ ಗೊತ್ತು, ನಮಗೂ ಗೊತ್ತು. ಎಂಬತ್ತರ ಅಜ್ಜಿ ಕಾಗದದಲ್ಲಿ ಅರವತ್ತೈದು. ಇವತ್ತೇ ಮನೆಯಲ್ಲಿ ನೋಡ್ರಿ.

ಆ ಕಡೆ ಕರ್ನಾಟಕದ ‘ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಮನೆಗೆ 5 ಲಕ್ಷ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ದವಾಖಾನೆಯ ರೆಫರಲ್ ಚೀಟಿ ಬೇಕು. ಬೀದರಿನವರು ಈ ಕಾರ್ಡ್ ಹಿಡಿದು ದೊಡ್ಡ ಕಾಯಿಲೆಗೆ ಎಲ್ಲಿಗೆ ಬರ್ತಾರೆ? ಹೈದರಾಬಾದಿಗೇ. ನಮ್ಮ ಜಹೀರಾಬಾದ್ ಮುಂದೆ, 65ನೇ ಹೆದ್ದಾರಿಯ ಮೇಲೆಯೇ ಅವರ ಆಂಬುಲೆನ್ಸ್ ಓಡ್ತಾವ. ಅಲ್ಲಿ ಅವರದ್ದೂ ನಮ್ಮದೇ ಪಾಡು. ನಾವು ಬೀದರಿಗೆ ಹೋಗಲಿಕ್ಕೆ ಅಂಜುತ್ತೇವೆ, ಅವರು ಹೈದರಾಬಾದಿಗೆ ಬಂದು ಕೈಯಿಂದ ಕೊಟ್ಟು ಹೋಗ್ತಾರೆ. ಹಾಗಾಗಿ ಇದನ್ನು ಬರೀ ‘ಗಡಿನಾಡ ಕನ್ನಡಿಗರ ಗೋಳು’ ಅಂತ ಹಣೆಪಟ್ಟಿ ಹಚ್ಚಬೇಡಿ. ಗೆರೆಯ ಎರಡೂ ಕಡೆಯವರ ತೊಂದರೆ ಇದು.

ಕಾರ್ಡ್ ನಡೆಯದೇ ಹೋದಾಗ ಮನೆಯಲ್ಲಿ ಏನಾಗ್ತದ ಅನ್ನೋದು ಬ್ಯಾಂಕಿನಲ್ಲಿ ಕೂತವರಿಗೆ ಕಾಣ್ತದ. ಸೋಮವಾರ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಒಬ್ಬ ಹೆಣ್ಣುಮಗಳು ಸೆರಗಿನ ತುದಿಯಲ್ಲಿ ಏನೋ ಕಟ್ಟಿಕೊಂಡು ನಿಂತಿರ್ತಾಳೆ. ಎರಡು ಬಳೆ, ಒಂದು ಬೋರಮಾಳ. ಬಂಗಾರದ ಸಾಲಕ್ಕೆ. ಕಾರಣ ಕೇಳಬೇಕಿಲ್ಲ, ಕೈಯಲ್ಲಿ ಸ್ಕ್ಯಾನಿಂಗ್ ಕವರ್ ಇರ್ತದ. ಫಾರಂನಲ್ಲಿ ‘ಸ್ವಂತ ಖರ್ಚು’ ಅಂತ ಬರೀತೀವಿ. ನಮ್ಮ ಅತ್ತೆಯ ಬಳೆಗಳೂ ಹಾಂಗೇ ಹೋದವು. ಬಿಡಿಸಿಕೊಳ್ಳಲಿಕ್ಕೆ ಎರಡು ಸುಗ್ಗಿ ಬೇಕಾಯ್ತು.

ಇನ್ನೊಂದು ತಪ್ಪು ತಿಳಿವಳಿಕೆ ದಿನಾ ನೋಡ್ತೇವೆ. ಪಾಸ್‌ಬುಕ್ ತೋರಿಸಿ, ‘ಸಾರ್, ನಮ್ಮ ಖಾತೆಯಿಂದ ವರ್ಷಾ ಇನ್ಶೂರೆನ್ಸ್ ಕಟ್ ಆಗ್ತದಲ್ಲ, ದವಾಖಾನೆ ಬಿಲ್ಲು ಕೊಡ್ರಿ’ ಅಂತಾರೆ. ಗೆಳೆಯರೇ, 20 ರೂಪಾಯಿ ಕಟ್ ಆಗೋದು ಅಪಘಾತ ವಿಮೆ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ. 436 ರೂಪಾಯಿ ಕಟ್ ಆಗೋದು ಜೀವ ವಿಮೆ, ಸತ್ತರೆ ಮನೆಯವರಿಗೆ 2 ಲಕ್ಷ. ಎರಡೂ ಒಳ್ಳೆಯವೇ, ಮುಂದುವರಿಸಿ. ಆದರೆ ದವಾಖಾನೆಯ ಬಿಲ್ಲಿಗೆ ಇವುಗಳಿಂದ ಒಂದು ರೂಪಾಯಿಯೂ ಬರೋದಿಲ್ಲ. ಮನೆಯವರಿಗೆ ಇದನ್ನು ಬಿಡಿಸಿ ಹೇಳ್ರಿ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ ತೆಗೆದರು. ಬಿ.ಕಾಂ. ಓದಿದವರಾಗಿ ನಮಗೆ ಖುಷಿಯೇ. ಖಾಸಗಿ ಪಾಲಿಸಿ ತಗೊಳ್ಳುವ ಶಕ್ತಿ ಇದ್ದವರು ತಗೊಳ್ಳಲಿ. ಆದರೆ ತಗೊಳ್ಳೋ ಮುಂಚೆ ಒಂದು ಕೆಲಸ ಮಾಡ್ರಿ. ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಬೀದರ್, ಕಲಬುರಗಿ ದವಾಖಾನೆಗಳು ಇವೆಯೋ ಇಲ್ಲವೋ ನೋಡ್ರಿ. ಬರೀ ಹೈದರಾಬಾದಿನ ಹೆಸರುಗಳಿದ್ದರೆ ಖಾಸಗಿ ಪಾಲಿಸಿಯೂ ನಮಗೆ ಅದೇ ದೂರದ ದಾರಿ ತೋರಿಸ್ತದ.

ಗಡಿ ದಾಟಿ ಕಾರ್ಡ್ ನಡೆಸೋದು ಆಗದ ಮಾತು ಅಂತ ಅಧಿಕಾರಿಗಳು ಹೇಳಿದರೆ ನಾವು ಒಪ್ಪೋದಿಲ್ಲ. ನಮ್ಮ ಕೆಲಸವೇ ಅದು. ಜಹೀರಾಬಾದ್ ಖಾತೆಯ 10 ರೂಪಾಯಿ ಬೀದರಿನ ಚಹಾ ಅಂಗಡಿಗೆ ಕಣ್ಣು ಮಿಟುಕಿಸುವುದರೊಳಗೆ ಹೋಗ್ತದ. ಎರಡು ಬ್ಯಾಂಕುಗಳು ಒಂದರ ಮೇಲೊಂದು ಪೈಪೋಟಿ ಮಾಡಿದರೂ ಲೆಕ್ಕ ಮಾತ್ರ ಕ್ಲಿಯರಿಂಗಿನಲ್ಲಿ ಚುಕ್ತಾ ಆಗ್ತದ. ನಿಮ್ಮವರು ನಮ್ಮಲ್ಲಿ ತೆಗೆದದ್ದು ಇಷ್ಟು, ನಮ್ಮವರು ನಿಮ್ಮಲ್ಲಿ ತೆಗೆದದ್ದು ಇಷ್ಟು, ಉಳಿದದ್ದು ಕೊಡಿ. ಗಿರಾಕಿಗೆ ಆ ಜಗಳ ಗೊತ್ತೇ ಆಗೋದಿಲ್ಲ. ರೇಷನ್ ಅಕ್ಕಿಯೂ ಹಾಂಗೇ. 2020ರ ಜನವರಿಯಲ್ಲಿ ಕರ್ನಾಟಕ, ತೆಲಂಗಾಣ ಸೇರಿ 12 ರಾಜ್ಯಗಳಲ್ಲಿ ಒಂದೇ ರೇಷನ್ ಕಾರ್ಡ್ ನಡೆಯುವ ವ್ಯವಸ್ಥೆ ಬಂತು. ಅಕ್ಕಿಗೆ ಆದದ್ದು ಇಸಿಜಿಗೆ ಯಾಕಾಗಬಾರದು? ನಮ್ಮ ರೋಗಿ ಬೀದರಿನಲ್ಲಿ, ಅವರ ರೋಗಿ ಹೈದರಾಬಾದಿನಲ್ಲಿ. ಎರಡು ಸರ್ಕಾರ ಕೂತು ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಮಾಡಿಕೊಳ್ಳಲಿ.

ಇನ್ನು ಭಾಷೆಯ ಮಾತು. ನಮ್ಮಲ್ಲೇ ಕೆಲವರು ಕೇಳ್ತಾರೆ, ‘ನಮಗೆಲ್ಲ ತೆಲುಗು ಬರ್ತದಲ್ಲ, ದವಾಖಾನೆಯಾಗ ಕನ್ನಡ ಯಾಕೆ ಬೇಕು?’ ಅಂತ. ಅವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ತೆಲುಗು ಮೀಡಿಯಂನಲ್ಲಿ ಓದಿದ ನಮ್ಮ ತಮ್ಮ ತಂಗಿಯರಿಗೆ ಕನ್ನಡ ಓದಲಿಕ್ಕೇ ತೊಡಕು. ಬೀದರಿನ ದವಾಖಾನೆಗೆ ಹೋದರೂ ಅಲ್ಲಿ ಅರ್ಧ ಮಾತು ದಖನಿ ಹಿಂದಿಯಲ್ಲೇ ನಡೀತದ, ಅದೂ ನಿಜ. ಆದರೆ ದವಾಖಾನೆಗೆ ಹೆಚ್ಚು ಹೋಗೋದು ಯಾರು? ಇಪ್ಪತ್ತೈದು ವರ್ಷದ ನಾವಲ್ಲ. ಮುದುಕರು, ಬಸುರಿಯರು, ಬೀದರ್, ಔರಾದ್, ಚಿಂಚೋಳಿ ಕಡೆಯಿಂದ ಮದುವೆಯಾಗಿ ಬಂದ ಸೊಸೆಯರು. ಅವರು ಚುಚ್ಚಿದಂಗ, ಹಿಂಡಿದಂಗ, ಸೆಳೆದಂಗ, ಜುಮುಗುಟ್ಟಿದಂಗ ಅಂತ ಹೇಳಿದಾಗ ಪ್ರತಿಯೊಂದಕ್ಕೂ ಡಾಕ್ಟರಿಗೆ ಬೇರೆ ಬೇರೆ ಅರ್ಥ ಇರ್ತದ. ಅದೆಲ್ಲ ಸೇರಿ ‘ನೊಪ್ಪಿ’ ಅಂತ ಒಂದೇ ತೆಲುಗು ಪದ ಆದರೆ ಡಾಕ್ಟರಿಗೆ ಅರ್ಧ ರೋಗ ಗೊತ್ತೇ ಆಗೋದಿಲ್ಲ. ಹೆಣ್ಣುಮಕ್ಕಳ ಕಾಯಿಲೆಯಂತೂ ಬೇಡ. ಕನ್ನಡದಲ್ಲೇ ಹೇಳಲಿಕ್ಕೆ ನಾಚುವವರು ಗಂಡನನ್ನೋ ಮೈದುನನನ್ನೋ ಮಧ್ಯೆ ನಿಲ್ಲಿಸಿಕೊಂಡು ಬೇರೆ ಭಾಷೆಯಲ್ಲಿ ಹೇಳಿಸಬೇಕು. ಏನು ಹೇಳ್ತಾರೆ, ಏನು ಬಿಡ್ತಾರೆ, ನೀವೇ ವಿಚಾರ ಮಾಡ್ರಿ.

ಮತ್ತೊಂದು, ಒಪ್ಪಿಗೆ ಪತ್ರ. ಆಪರೇಷನ್ ಮುಂಚೆ ಸಹಿ ಹಾಕಿಸಿಕೊಳ್ಳುವ ಕಾಗದ. ರೋಗಿಗೆ ತಿಳಿಸಿ ಹೇಳಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸುವಾಗ ಗಿರಾಕಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಬೇಕು ಅಂತ ನಮಗೆ ಕಟ್ಟುನಿಟ್ಟು ಇದೆ. ಐವತ್ತು ಸಾವಿರದ ಸಾಲಕ್ಕೆ ಇರುವ ಕಾಳಜಿ ಎದೆ ಕೊಯ್ಯುವ ಕಾಗದಕ್ಕೆ ಬೇಡವೇನು? ನಮ್ಮ ಅತ್ತೆ ಹೆಬ್ಬೆಟ್ಟು ಹಾಕಿದ ಕಾಗದ ಇಂಗ್ಲಿಷ್ ಮತ್ತು ತೆಲುಗಿನಲ್ಲಿತ್ತು. ಏನಿತ್ತು ಅಂತ ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಕೇಂದ್ರ ಸರ್ಕಾರ 1956ರಲ್ಲೇ ಒಂದು ಮೆಮೊರಾಂಡಮ್ ಹೊರಡಿಸಿತ್ತು. ಒಂದು ಪ್ರದೇಶದಲ್ಲಿ ಶೇ. 15ರಿಂದ 20ರಷ್ಟು ಜನ ಒಂದು ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು ಅಂತ ಅದರ ಆಶಯ. ನಾವು ಇದನ್ನು ಶಾಲೆಗೆ ಕೇಳಿದ್ದೇವೆ, ಬೋರ್ಡಿಗೆ ಕೇಳಿದ್ದೇವೆ. ದವಾಖಾನೆಗೆ ಜೋರಾಗಿ ಕೇಳಿಲ್ಲ. ಉರ್ದುವನ್ನು ಎರಡನೇ ಅಧಿಕೃತ ಭಾಷೆ ಮಾಡಿದ ರಾಜ್ಯ ತೆಲಂಗಾಣ. ಇನ್ನೊಂದು ಭಾಷೆಗೆ ಜಾಗ ಕೊಡೋದು ಇಲ್ಲಿ ಹೊಸದೇನಲ್ಲ.

ಕೋವಿಡ್ ಕಾಲ ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರಸ್ತೆಗಳಿಗೆ ಮಣ್ಣು ಸುರಿದದ್ದು ನಮ್ಮದೇ ಕರ್ನಾಟಕ. ಕಾಸರಗೋಡಿನವರಿಗೆ ದೊಡ್ಡ ದವಾಖಾನೆ ಅಂದ್ರೆ ಮಂಗಳೂರು, ನಮಗೆ ಬೀದರ್ ಇದ್ದಂತೆ. ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತವು, ಜನ ಸತ್ತರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ಆದೇಶ ಕೊಡಬೇಕಾಯ್ತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು, ಆಮೇಲೆ ರೋಗಿಗಳನ್ನು ಬಿಡುವ ಒಪ್ಪಂದ ಆಯ್ತು. ಮರುವರ್ಷ 2021ರ ಮೇ ತಿಂಗಳಲ್ಲಿ ತೆಲಂಗಾಣ ಪಕ್ಕದ ರಾಜ್ಯಗಳ ಆಂಬುಲೆನ್ಸ್‌ಗಳನ್ನು ಗಡಿಯಲ್ಲಿ ತಡೆಯಿತು. ಮೇ 14ಕ್ಕೆ ಇಲ್ಲಿಯ ಹೈಕೋರ್ಟ್ ಆ ಸುತ್ತೋಲೆಗೆ ತಡೆ ಕೊಟ್ಟಿತು. ಅಂದ್ರೆ ತಪ್ಪು ಒಂದೇ ಭಾಷೆಯ ಸರ್ಕಾರದ್ದಲ್ಲ. ಹೆದರಿಕೆ ಬಂದಾಗ ಕನ್ನಡದ ಸರ್ಕಾರವೂ ಬಾಗಿಲು ಹಾಕ್ತದ, ತೆಲುಗಿನ ಸರ್ಕಾರವೂ ಹಾಕ್ತದ. ನಾವು ಒಂದು ಕಡೆಗೆ ಜೈ, ಇನ್ನೊಂದು ಕಡೆಗೆ ಧಿಕ್ಕಾರ ಕೂಗಿ ಕೂತರೆ ರೋಗಿ ಮಧ್ಯದಲ್ಲೇ ಇರ್ತಾನೆ.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ್ದೇ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ಹಚ್ಚಿತು. ಬೆಳಗಾವಿ, ಬೀದರ್, ಕಲಬುರಗಿ ಜಿಲ್ಲೆಗಳ ಮರಾಠಿ ಭಾಷಿಕರಿಗೆ. ಕರ್ನಾಟಕ ಸರ್ಕಾರ ಸಿಟ್ಟಾಯ್ತು. ಆ ಯೋಜನೆಯ ಹಿಂದೆ ಗಡಿ ತಂಟೆಯ ರಾಜಕಾರಣ ಇತ್ತು, ಅನುಮಾನವಿಲ್ಲ. ರೋಗಿಯ ಮಂಚವನ್ನು ಧ್ವಜದ ಕಂಬ ಮಾಡೋದು ನಮಗೆ ಬೇಡ. ಆದರೆ ಅದರಿಂದ ಒಂದು ಮಾತು ಗೊತ್ತಾಯ್ತು: ಮನಸ್ಸಿದ್ದರೆ ಒಂದು ರಾಜ್ಯ ತನ್ನ ಗಡಿಯಾಚೆಯವರಿಗೂ ಆರೋಗ್ಯದ ಖರ್ಚು ಕೊಡಬಹುದು. ಹಟಕ್ಕೆ ಮಾಡಿದ್ದನ್ನು ಇಬ್ಬರೂ ಕೂತು ಒಪ್ಪಿ ಮಾಡಿದರೆ ಇನ್ನೂ ಒಳ್ಳೆಯದು.

ಈಗ ಮತ್ತೆ ಸಿನಿಮಾಕ್ಕೆ ಬರೋಣ. 2021ರ ಅಕ್ಟೋಬರ್ 29. ಅಪ್ಪು ಹೋದ ದಿನ. 46 ವರ್ಷ, ದಿನಾ ಕಸರತ್ತು ಮಾಡುವ ಮೈ, ಬೆಂಗಳೂರಿನ ನಡುವೆ ಮನೆ. ಅವರಿಗೇ ಹೊತ್ತು ಸಾಲಲಿಲ್ಲ. ಅವರ ಕಣ್ಣುಗಳಿಂದ ನಾಲ್ವರು ನೋಡುವಂತಾದರು, ಅದನ್ನು ನಾವೆಲ್ಲ ಹಂಚಿಕೊಂಡ್ವಿ. ಪ್ರತಿ ವರ್ಷ ಆ ದಿನ ಫೋಟೋ ಹಾಕ್ತೀವಿ, ದೀಪ ಹಚ್ಚುತ್ತೀವಿ, ಸ್ಟೇಟಸ್ ಇಡ್ತೀವಿ. ತಪ್ಪಲ್ಲ. ಆದರೆ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ತಂದದ್ದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಜಿಲ್ಲಾ, ತಾಲ್ಲೂಕು ದವಾಖಾನೆಯಲ್ಲಿ ಇಸಿಜಿ ತೆಗೀತಾರೆ, ಅದು ಆನ್‌ಲೈನಿನಲ್ಲಿ ಜಯದೇವದಂಥ ದೊಡ್ಡ ಕೇಂದ್ರದ ಹೃದಯ ತಜ್ಞರಿಗೆ ಹೋಗ್ತದ, ರಕ್ತ ಹೆಪ್ಪುಗಟ್ಟಿದ್ದರೆ ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಸಾವಿರಾರು ರೂಪಾಯಿಯ ಇಂಜೆಕ್ಷನ್ ಅದು. ಇದರ ಅರ್ಥ ಇಷ್ಟೇ: ಎದೆ ನೋವಿಗೆ ದೂರದ ದೊಡ್ಡ ದವಾಖಾನೆಗಿಂತ ಹತ್ತಿರದ ಇಸಿಜಿ ಮುಖ್ಯ. ಅಪ್ಪುವಿನ ನಿಜವಾದ ಅಭಿಮಾನಿ ಆಗಬೇಕಾದರೆ ಈ ಒಂದು ಮಾತು ಮನೆಮನೆಗೆ ಮುಟ್ಟಿಸಬೇಕು. ನಮ್ಮ ಅತ್ತೆಯ ರಾತ್ರಿ ನಮಗೆ ಇದು ಗೊತ್ತಿದ್ದರೆ ಮೊದಲು ಜಹೀರಾಬಾದ್ ಸರ್ಕಾರಿ ದವಾಖಾನೆಯಲ್ಲೋ ಬೀದರಿನಲ್ಲೋ ಒಂದು ಇಸಿಜಿ ತೆಗೆಸುತ್ತಿದ್ವಿ. ಹೈದರಾಬಾದ್ ಆಮೇಲೆ.

ಹಾಗಾದ್ರೆ ಬೇಡಿಕೆ ಏನು?

ತೆಲಂಗಾಣ ಸರ್ಕಾರಕ್ಕೆ: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸರ್ಕಾರಿ ದವಾಖಾನೆಗಳಲ್ಲಿ ಕನ್ನಡ ಬರುವ ಒಬ್ಬ ಆರೋಗ್ಯಮಿತ್ರ ಇರಲಿ. ನಮ್ಮ ಹುಡುಗ ಹುಡುಗಿಯರಿಗೇ ಎರಡೂ ಭಾಷೆ ಬರ್ತದ, ಕೆಲಸವೂ ಸಿಕ್ಕಂತಾಗ್ತದ. ಒಪ್ಪಿಗೆ ಪತ್ರ ಮತ್ತು ಔಷಧಿ ಚೀಟಿಯ ಸೂಚನೆ ಕನ್ನಡದಲ್ಲೂ ಸಿಗಲಿ. ಆರೋಗ್ಯಶ್ರೀ ನೆಟ್‌ವರ್ಕಿಗೆ ಬೀದರ್, ಕಲಬುರಗಿಯ ಸರ್ಕಾರಿ ದವಾಖಾನೆಗಳನ್ನು ಸೇರಿಸಲಿ.

ಕರ್ನಾಟಕ ಸರ್ಕಾರಕ್ಕೆ: ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಹಣ ಬರೀ ಸಾಂಸ್ಕೃತಿಕ ಕಾರ್ಯಕ್ರಮ, ಭವನಕ್ಕೆ ಹೋಗೋದು ಬೇಡ. ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್‌ನಲ್ಲಿ ಗಡಿಯಾಚೆಯಿಂದ ಬರುವವರಿಗೆ ಒಂದು ಸಹಾಯ ಮೇಜು ಇಡಿ. ಯಾರ ಕಾರ್ಡ್ ನಡೀತದ, ಯಾರದು ನಡೆಯೋದಿಲ್ಲ ಅಂತ ಅಲ್ಲೇ ಹೇಳುವ ಒಬ್ಬ ಮನುಷ್ಯ ಸಾಕು. ಕಲಬುರಗಿಯಲ್ಲಿ 2024ರ ಡಿಸೆಂಬರಿನಲ್ಲಿ ಜಯದೇವದ ದೊಡ್ಡ ಹೃದ್ರೋಗ ದವಾಖಾನೆ ಶುರುವಾಗಿದೆ. ತಾಂಡೂರಿನಿಂದ ಸೇಡಂ, ಚಿತ್ತಾಪುರ, ವಾಡಿ ದಾಟಿ ರೈಲು ಸೀದಾ ಅಲ್ಲಿಗೆ ಹೋಗ್ತದ. ದಾರಿ ಮೊದಲಿನಿಂದ ಅದ, ಕಾಗದ ಒಂದೇ ಬಾಕಿ.

ಸರ್ಕಾರ ಮಾಡುವ ತನಕ ನಾವು ಕೈಕಟ್ಟಿ ಕೂಡಬೇಕಿಲ್ಲ. ಈ ವಾರ ಮೂರು ಕೆಲಸ ಮಾಡ್ರಿ.

ಒಂದು, ಆಯುಷ್ಮಾನ್ ಆ್ಯಪಿನಲ್ಲಿ ಮನೆಯವರ ಹೆಸರು ಹುಡುಕಿ. ಬರದಿದ್ದರೆ 14555ಕ್ಕೆ ಫೋನ್ ಮಾಡಿ ಕೇಳಿ. ಆರೋಗ್ಯಶ್ರೀ ವಿಷಯಕ್ಕೆ 104. ಕಾರ್ಡ್ ಗಡಿ ದಾಟುತ್ತದೋ ಇಲ್ಲವೋ, ಆರೋಗ್ಯ ಚೆನ್ನಾಗಿದ್ದಾಗಲೇ ತಿಳಿದುಕೊಳ್ಳಿ. 70 ದಾಟಿದವರಿದ್ದರೆ ಅವರ ಆಧಾರ್ ವಯಸ್ಸು ನೋಡಿ ವಯವಂದನ ಕಾರ್ಡ್ ಮಾಡಿಸಿ.

ಎರಡು, ಮನೆಯ ಪ್ರತಿ ಹಿರಿಯರಿಗೂ ಒಂದು ಹಾಳೆ ಬರೆದಿಡಿ. ಯಾವ ಕಾಯಿಲೆ, ಯಾವ ಗುಳಿಗೆ, ಯಾವ ಔಷಧಿ ಆಗಿಬರೋದಿಲ್ಲ. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ. ಅವರು ‘ಹಾಂ, ಹಾಂ’ ಅಂದುಬಿಟ್ಟರೂ ಆ ಹಾಳೆ ಸುಳ್ಳು ಹೇಳೋದಿಲ್ಲ.

ಮೂರು, ಪ್ರತಿ ಹಳ್ಳಿಯಲ್ಲಿ ಎರಡು ಭಾಷೆ ಬರುವ ಇಬ್ಬರ ಹೆಸರು ಪಕ್ಕಾ ಮಾಡಿಕೊಳ್ಳಿ, ಒಬ್ಬ ಹುಡುಗ, ಒಬ್ಬ ಹುಡುಗಿ. ಯಾರನ್ನಾದರೂ ದವಾಖಾನೆಗೆ ಒಯ್ದರೆ ಇವರಲ್ಲೊಬ್ಬರು ಜೊತೆಗೆ ಹೋಗಲಿ, ಬಿಲ್ಲಿಂಗ್ ಕೌಂಟರಿನಲ್ಲಲ್ಲ, ರೋಗಿಯ ಪಕ್ಕದಲ್ಲಿ ನಿಲ್ಲಲಿ. ನಾವು ಆ ರಾತ್ರಿ ನಿಂತದ್ದು ತಪ್ಪು ಜಾಗದಲ್ಲಿ.

ಮುಂದಿನ ಕನ್ನಡ ಸಿನಿಮಾಕ್ಕೆ ಮತ್ತೆ ಬೀದರಿಗೆ ಹೋಗ್ತೀವಿ, ಅದರಲ್ಲಿ ಎರಡು ಮಾತಿಲ್ಲ. ಈ ಸಲ ಮಾತ್ರ ಸಿನಿಮಾ ಶುರುವಾಗೋ ಮುಂಚೆ ಬ್ರಿಮ್ಸ್‌ಗೆ ಹೋಗಿ, ಆರೋಗ್ಯಮಿತ್ರರ ಮೇಜು ಎಲ್ಲಿದೆ, ರಾತ್ರಿ ಯಾರಿರ್ತಾರೆ, ತೆಲಂಗಾಣದ ಯಾವ ಕಾರ್ಡ್ ತಗೊಳ್ತಾರೆ ಅಂತ ಕೇಳಿಕೊಂಡು ಬರ್ತೀವಿ. ನಾರಾಯಣಖೇಡದವರೂ ಬೀದರಿನಲ್ಲೇ ಕೇಳಿ, ತಾಂಡೂರಿನವರು ಕಲಬುರಗಿಯಲ್ಲಿ ಕೇಳಿ. ಗೊತ್ತಾದದ್ದನ್ನು ಇಲ್ಲಿ ಕೆಳಗೆ ಬರೀರಿ. ಒಬ್ಬರಿಗೆ ಗೊತ್ತಾದದ್ದು ಮೂರು ತಾಲ್ಲೂಕಿಗೂ ಗೊತ್ತಾಗಲಿ.